ನಲ್ಲಿ ನೀರಿನ ಅಜ್ಞಾತ ಅತಿಥಿ

ನಮ್ಮ ಮನೆಗೆ ಮೊದಲು ನಲ್ಲಿ ಬಂದಾಗ ಅಜ್ಜಿ ಆ ನೀರನ್ನು ಬಾಯಿಗೆ ಹಾಕಲಿಲ್ಲ. “ಇದು ಆಸ್ಪತ್ರೆಯ ವಾಸನೆ ಕಣೋ” ಎಂದು ಮೂಗು ಮುರಿದು ಹಿತ್ತಿಲ ಬಾವಿಯ ನೀರನ್ನೇ ಸೇದಿಸಿ ತರಿಸಿಕೊಳ್ಳುತ್ತಿದ್ದರು. ಓದುವ ಹುಡುಗನಾದ ನಾನು ಕ್ಲೋರಿನ್ನಿನ ಮಹಿಮೆಯನ್ನು ಅವರಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿ ಅವರೆಂದರು: “ಕ್ರಿಮಿ ಸತ್ತಿತು, ಸರಿ. ಕೊಂದ ಔಷಧಿ ಎಲ್ಲಿ ಹೋಯಿತು?” ನಾನು ನಿರುತ್ತರನಾದೆ. ರಸಾಯನಶಾಸ್ತ್ರಜ್ಞರಿಗೂ ಈ ಪ್ರಶ್ನೆ ಸುಲಭದ್ದಾಗಿರಲಿಲ್ಲವೆಂದು ತಿಳಿದದ್ದು ಬಹುಕಾಲದ ಮೇಲೆ.

ನನ್ನ ಉಪನ್ಯಾಸವೇನೂ ಸುಳ್ಳಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಡಾಕ್ಟರ್ ಜಾನ್ ಲೀಲ್ ಎಂಬಾತ ಚಲುವೆಪುಡಿಯ ದ್ರಾವಣವನ್ನು ಬೆರೆಸತೊಡಗಿದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಗೆದ್ದದ್ದು ಕ್ಲೋರಿನ್. ಮುಂದಿನ ಕೆಲವೇ ದಶಕಗಳಲ್ಲಿ ಅಲ್ಲಿನ ನಗರಗಳಲ್ಲಿ ವಿಷಮಶೀತಜ್ವರ ಅಪರೂಪದ ರೋಗವಾಯಿತು. ನಮ್ಮ ದೊಡ್ಡಪ್ಪನವರನ್ನು ಇಪ್ಪತ್ತರ ಪ್ರಾಯದಲ್ಲಿ ಕೊಂಡೊಯ್ದದ್ದೂ ಅದೇ ಜ್ವರ. ಅಜ್ಜಿ ನೆಚ್ಚಿದ ಆ ಬಾವಿಯ ನೀರಿನಿಂದಲೇ ಅದು ಬಂತೆಂದು ಮನೆಯ ಹಿರಿಯರು ಮೆಲ್ಲಗೆ ಹೇಳುತ್ತಿದ್ದರು.

ಅಜ್ಜಿಯ ಪ್ರಶ್ನೆಗೆ ಮೊದಲ ಉತ್ತರ ದೊರೆತದ್ದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ. ಅಲ್ಲಿನ ನೀರು ಸರಬರಾಜು ಸಂಸ್ಥೆಯಲ್ಲಿದ್ದ ಯೋಹಾನೆಸ್ ರೋಕ್ ಎಂಬ ರಸಾಯನಶಾಸ್ತ್ರಜ್ಞ ಮುಚ್ಚಿದ ಸೀಸೆಯಲ್ಲಿ ನೀರಿನ ಮೇಲೆ ನಿಂತ ಗಾಳಿಯನ್ನು ತೆಗೆದು ಪರೀಕ್ಷಿಸಿದ. ಬಿಯರಿನ ಪರಿಮಳವನ್ನು ಅಳೆಯಲು ಬಳಸುತ್ತಿದ್ದ ಉಪಾಯ ಅದು. ನದಿಯ ನೀರಿನಲ್ಲಿಲ್ಲದ ಕ್ಲೋರೋಫಾರಂ, ಕ್ಲೋರಿನ್ ಹಾಕಿದ ನೀರಿನಲ್ಲಿ ಕಾಣಿಸಿತು! ಕೊಳೆತ ಎಲೆ, ಗಿಡಗಳಿಂದ ನೀರಿಗಿಳಿಯುವ ಹಳದಿ ಸಾರದೊಡನೆ ಕ್ಲೋರಿನ್ ಕೂಡಿದಾಗ ಅದು ಹುಟ್ಟುತ್ತದೆಂದು ಆತ 1974ರಲ್ಲಿ ಪ್ರಕಟಿಸಿದ. ಅದೇ ವರ್ಷ ಅಮೆರಿಕದವರೂ ಸ್ವತಂತ್ರವಾಗಿ ಇದನ್ನೇ ಕಂಡರು. ಕ್ಲೋರೋಫಾರಂ ಇಲಿಗಳಲ್ಲಿ ಕ್ಯಾನ್ಸರ್ ತರುವುದೆಂದು 1976ರಲ್ಲಿ ತಿಳಿಯಿತು. 1979ರಲ್ಲಿ ಅಮೆರಿಕ ಸರ್ಕಾರ ಈ ಜಾತಿಯ ವಸ್ತುಗಳಿಗೆಲ್ಲ ಸೇರಿ ಲೀಟರಿಗೆ 100 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ನೀರಿನ ಸಾರದೊಡನೆ ಕೂಡಿಕೊಂಡ ಕ್ಲೋರಿನ್ ಒಟ್ಟು ಎಷ್ಟೆಂದು ಅಳೆಯಬಹುದು. ಹೆಸರು ಗೊತ್ತಿರುವ ವಸ್ತುಗಳಲ್ಲಿ ಎಷ್ಟಿದೆಯೆಂದೂ ಕೂಡಿಸಬಹುದು. ಎರಡೂ ತಾಳೆಯಾಗುವುದಿಲ್ಲ. ಜಮಾ ಬರೆದದ್ದಕ್ಕೆ ಖರ್ಚಿನ ಚೀಟಿ ಸಿಗದಿದ್ದರೆ ಗುಮಾಸ್ತ ಹುಡುಕಲೇಬೇಕಲ್ಲವೇ? ಹಾಗೆ ಹುಡುಕುತ್ತ ಹೋಗಿ 700ಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿದ್ದಾರೆ. ಆದರೂ ಬಾಕಿ ಉಳಿದೇ ಇದೆ.

ಇವುಗಳಲ್ಲೊಂದರ ಕಥೆ ನನ್ನನ್ನು ಬಹುವಾಗಿ ಸೆಳೆದಿದೆ. ಕ್ಲೋರೋಫಾರಂ ತಗ್ಗಿಸಲೆಂದು ಅನೇಕ ನಗರಗಳು ಕ್ಲೋರಿನ್ನಿಗೆ ಅಮೋನಿಯ ಬೆರೆಸಿದ ಕ್ಲೋರಮೀನನ್ನು ಹಿಡಿದವು. ಆ ಕ್ಲೋರಮೀನು ಕರಗಿಹೋಗುವಾಗ ಏನೋ ಒಂದು ಉಳಿಯುವುದನ್ನು 1980ರ ದಶಕದ ಮೊದಲಲ್ಲೇ ಕಂಡಿದ್ದರು. ಉಪಕರಣದ ಗೆರೆಯಲ್ಲಿ ಅದರ ಗುರುತು ಇತ್ತು, ಹೆಸರಿರಲಿಲ್ಲ. ನಲವತ್ತು ವರ್ಷ ಅದು ಅನಾಮಧೇಯವಾಗಿಯೇ ಉಳಿಯಿತು. ಅತಿ ಚಿಕ್ಕ ಕಣ. ಅದೂ ನೀರಿನ ಲವಣಗಳ ಗುಂಪಿನಲ್ಲಿ ಅಡಗಿದ್ದದ್ದು. ಜೂಲಿಯನ್ ಫೇರಿ ಮತ್ತು ಸಂಗಡಿಗರು ಅದನ್ನು ಲವಣಗಳಿಂದ ಬೇರ್ಪಡಿಸಿ, ಸೂಕ್ಷ್ಮವಾಗಿ ತೂಗಿ ನೋಡಿ, 2024ರ ನವೆಂಬರಿನಲ್ಲಿ ಹೆಸರಿಟ್ಟರು: ಕ್ಲೋರೋನೈಟ್ರಮೈಡ್. ಒಂದು ಕ್ಲೋರಿನ್, ಎರಡು ಸಾರಜನಕ, ಎರಡು ಆಮ್ಲಜನಕ, ಇಷ್ಟೇ ಅದರ ಸಂಸಾರ! ಕ್ಲೋರಮೀನು ಹಾಕಿದ ಅಮೆರಿಕದ ನೀರಿನ 40 ಮಾದರಿಗಳನ್ನು ನೋಡಿದರು; ನಲವತ್ತರಲ್ಲೂ ಅದಿತ್ತು. ಆ ದೇಶದಲ್ಲಿ 11 ಕೋಟಿಗೂ ಮಿಕ್ಕಿದ ಜನ ಇಂಥ ನೀರನ್ನು ಕುಡಿಯುತ್ತಾರೆ.

ಅದು ವಿಷವೋ ಅಲ್ಲವೋ? ಅವರು ಹೇಳಿದ್ದು, ಇನ್ನು ಪರೀಕ್ಷಿಸಬೇಕು ಎಂದಷ್ಟೆ. ಹೆಸರು ಸಿಕ್ಕಮಾತ್ರಕ್ಕೆ ಅಪರಾಧ ಸಿದ್ಧವಾಗುವುದಿಲ್ಲ. ಇದನ್ನು ಕೇಳಿ ಕ್ಲೋರಿನ್ನನ್ನೇ ಬಿಡೋಣವೆನ್ನುವವರಿಗೆ ನಮ್ಮ ದೊಡ್ಡಪ್ಪನವರ ಕಥೆ ಹೇಳುತ್ತೇನೆ. ಎಲ್ಲ ಗೊತ್ತಾಯಿತೆಂದು ಸುಮ್ಮನಾಗುವವರಿಗೆ ಅಜ್ಜಿಯ ಪ್ರಶ್ನೆಯನ್ನು ಹೇಳುತ್ತೇನೆ.

ಅಜ್ಜಿ ಕೊನೆಗಾಲದಲ್ಲಿ ನಲ್ಲಿ ನೀರಿಗೆ ಒಪ್ಪಿಕೊಂಡರು. ಆದರೆ ಪ್ರತಿದಿನವೂ ಲೋಟವನ್ನು ಮೂಗಿನ ಬಳಿ ಹಿಡಿದು ಒಮ್ಮೆ ಮೂಸಿಯೇ ಕುಡಿಯುತ್ತಿದ್ದರು. ಆಗ ನಾನು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.