ಮುಂಬಯಿ ಕಾನೂನು, ಬೆಂಗಳೂರಿನ ಪದಬಂಧ

ನಮ್ಮ ಕಾರವಾರ, ಅಂಕೋಲೆಗಳು 1956ರ ಅಕ್ಟೋಬರ್ ಮುಗಿಯುವ ತನಕ ಮುಂಬಯಿ ರಾಜ್ಯದಲ್ಲಿದ್ದವಲ್ಲ, ಹಾಗಾಗಿ ಜೂಜಿನ ಕಾನೂನೂ ಮುಂಬಯಿಯದ್ದೇ. ಜೂಜಿನ ಅಡ್ಡೆಗಳಿಗೆ 1887ರ ಕಾಯ್ದೆ. ಲಾಟರಿ, ಬಹುಮಾನದ ಸ್ಪರ್ಧೆಗಳಿಗೆ 1948ರದ್ದು. ಲೈಸೆನ್ಸ್ ಪಡೆದು ತೆರಿಗೆ ಕಟ್ಟಿದರೆ ಸ್ಪರ್ಧೆ ನಡೆಸಬಹುದಿತ್ತು. ಆದರೆ ಅದರಲ್ಲೊಂದು ಕಿಂಡಿ ಇತ್ತು ನೋಡಿ, ರಾಜ್ಯದ ಹೊರಗೆ ಅಚ್ಚಾದ ಪತ್ರಿಕೆಯ ಸ್ಪರ್ಧೆಗಳನ್ನು ಅದು ಮುಟ್ಟುತ್ತಿರಲಿಲ್ಲ!

ಬೆಂಗಳೂರಿನ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯಲ್ಲಿ ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರ ಕಂಪನಿ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲೂ ಅದಕ್ಕೆ ಒಳ್ಳೆ ಪ್ರಸಾರ. ಪದಬಂಧ ಹೇಗೆ ಜೂಜು ಅಂತೀರಾ? ಪದ ಗೊತ್ತಿದ್ದರೆ ಸಾಲದು, ಸಂಘಟಕರು ಮೊದಲೇ ಇಟ್ಟ ಉತ್ತರಕ್ಕೆ ತಾಳೆಯಾಗಬೇಕು... ಅದು ಅದೃಷ್ಟವೇ ಸರಿ. 1952ರಲ್ಲಿ ತಿದ್ದುಪಡಿ ತಂದು ಸರ್ಕಾರ ಕಿಂಡಿ ಮುಚ್ಚಿತು. ಕಂಪನಿ ಹೈಕೋರ್ಟಿನಲ್ಲಿ ಗೆದ್ದಿತು, 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಜೂಜು ವ್ಯಾಪಾರವೇ ಅಲ್ಲ, ಸಂವಿಧಾನದ ವ್ಯಾಪಾರ ಸ್ವಾತಂತ್ರ್ಯ ಅದಕ್ಕಿಲ್ಲ ಎಂದಿತು ಕೋರ್ಟು. ತಮಾಷೆಯೆಂದರೆ ಅಷ್ಟರಲ್ಲಿ ಕಾರವಾರವೇ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು, ಬೆಂಗಳೂರು 'ಹೊರಗಿನದು' ಆಗಿ ಉಳಿದಿರಲಿಲ್ಲ.

ಈಗ ಗಡಿ ಇನ್ನೊಂದು ಕಡೆ. ಮಾಜಾಳಿ ದಾಟಿದರೆ ಗೋವಾ. ಅಲ್ಲಿ 1976ರ ಕಾಯ್ದೆಯನ್ನು 1992ರಲ್ಲಿ ಸಡಿಲಿಸಿ ಪಂಚತಾರಾ ಹೋಟೆಲಿಗೆ ಜೂಜಿನ ಯಂತ್ರ, ಆಮೇಲೆ ಹಡಗಿಗೆ ಕ್ಯಾಸಿನೋ ಬಂತು. ಎಲ್ಲವೂ ಸರ್ಕಾರಿ ಅನುಮತಿಯಿಂದಲೇ. ಈಚೆ ಬದಿ ಲಾಟರಿ 2007ರಿಂದ ಬಂದ್, ಓಸಿ ಚೀಟಿ ಬರೆದವನ ಮೇಲೆ 1963ರ ಪೊಲೀಸ್ ಕಾಯ್ದೆಯಡಿ ಕೇಸು.