ಏಲಿಯನ್ಸ್: ಒಂದೇ ಸಿನಿಮಾ, ಹಲವು ಡಿಸ್ಕು

ಜೇಮ್ಸ್ ಕ್ಯಾಮೆರಾನ್‌ನ "ಏಲಿಯನ್ಸ್" 1986ರಲ್ಲಿ ಥಿಯೇಟರಿಗೆ ಬಂದಾಗ 137 ನಿಮಿಷದ್ದು. 1991ರಲ್ಲಿ ಲೇಸರ್‌ಡಿಸ್ಕಿನಲ್ಲಿ ಬಂದ ವಿಶೇಷ ಆವೃತ್ತಿ 154 ನಿಮಿಷ. ಹೆಚ್ಚಿನ ಆ 17 ನಿಮಿಷದಲ್ಲಿ ಅಂಥದ್ದೇನಿದೆ ಅಂತೀರಾ?

57 ವರ್ಷ ನಿದ್ದೆಯಲ್ಲಿದ್ದು ಎದ್ದ ನಾಯಕಿ ರಿಪ್ಲಿಗೆ, ತನ್ನ ಮಗಳು ಮುದುಕಿಯಾಗಿ ತೀರಿಕೊಂಡ ಸುದ್ದಿ ತಿಳಿಯೋದು ಇಲ್ಲೇ. ಮುಂದೆ ನ್ಯೂಟ್ ಅನ್ನೋ ಪುಟ್ಟ ಹುಡುಗಿಯನ್ನು ಅವಳು ಅಷ್ಟೊಂದು ಹಚ್ಚಿಕೊಳ್ಳೋದಕ್ಕೆ ಕಾರಣ ಸಿಗುತ್ತೆ. ಆದ್ರೆ ಇದೇ ಆವೃತ್ತಿ ನಮ್ಮನ್ನು ಮೊದಲೇ ನ್ಯೂಟ್ ಇರೋ ವಸಾಹತಿಗೆ ಕರೆದುಕೊಂಡು ಹೋಗಿ, ಅವಳಪ್ಪನ ಮುಖಕ್ಕೆ ಆ ಜೀವಿ ಅಂಟಿಕೊಂಡಿದ್ದನ್ನೂ ತೋರಿಸಿಬಿಡುತ್ತೆ! ಥಿಯೇಟರ್ ಆವೃತ್ತಿಯಲ್ಲಿ ಹಾಗಿಲ್ಲ. ಅಲ್ಲಿ ಏನಾಗಿದೆ ಅಂತ ಕಾಣದೆಯೇ ಸೈನಿಕರ ಜೊತೆ ನಾವೂ ಖಾಲಿ ವಸಾಹತಿನೊಳಗೆ ಕಾಲಿಡ್ತೀವಿ. ಸಸ್ಪೆನ್ಸ್ ಬೇಕಂದ್ರೆ ನನ್ನ ಓಟು ಅದಕ್ಕೇ.

1999ರ ಡಿವಿಡಿಯಲ್ಲಿ ಉದ್ದದ ಆವೃತ್ತಿ ಮಾತ್ರ ಇತ್ತು. 2003ರ ಸೆಟ್ಟಿನಲ್ಲಿ ಎರಡೂ ಬಂದವು.

ಆಮೇಲೆ ಶುರುವಾಗಿದ್ದು ಬೇರೆಯೇ ಕಥೆ. ಈ ಸಿನಿಮಾದ ಫಿಲ್ಮಿನಲ್ಲಿ ಗ್ರೇನ್, ಅಂದ್ರೆ ಮರಳು ಚೆಲ್ಲಿದಂತೆ ಕಾಣೋ ಚುಕ್ಕಿಗಳು, ಬಹಳ. 2010ರ ಬ್ಲೂ-ರೇಗೆ ಕ್ಯಾಮೆರಾನ್ ಉಸ್ತುವಾರಿಯಲ್ಲೇ ಅದನ್ನು ತೆಗೆದ್ರು. 2024ರ 4ಕೆ ಡಿಸ್ಕಿನಲ್ಲಂತೂ ಮುಖಗಳೆಲ್ಲ ಮೇಣ ಬಳಿದಂತಿವೆ ಅಂತ ಅಭಿಮಾನಿಗಳು ಸಿಟ್ಟಾದ್ರು.

ದೃಶ್ಯ ಸೇರಿಸಿದ್ರೆ ಚಿಂತೆಯಿಲ್ಲ, ಮೆನುವಿನಲ್ಲಿ ಬೇಕಾದ ಆವೃತ್ತಿ ಆರಿಸಿಕೊಳ್ಳಬಹುದು. ಅಳಿಸಿಹಾಕಿದ ಗ್ರೇನ್ ವಾಪಸ್ ತರೋಕೆ ಯಾವ ಬಟನ್ನೂ ಇಲ್ಲ. 1986ರ ಪ್ರೇಕ್ಷಕ ಕಂಡದ್ದು ಹೇಗಿತ್ತು ಅನ್ನೋದಕ್ಕೆ ಹಳೇ ಡಿಸ್ಕುಗಳೇ ಸಾಕ್ಷಿ. ಮನೇಲಿದ್ರೆ ದಯವಿಟ್ಟು ಎಸೀಬೇಡಿ.