ಶರೀಫ ಮಾಸ್ತರ ಮತ್ತು ಸಾಲಿ ಹೊರಗೆ ನಿಂತ ಹುಡುಗ

ಶಿಶುನಾಳ ಶರೀಫನನ್ನು ನಾವು ಸಂತ ಮಾಡಿ ಗದ್ದುಗೆಗೆ ಕೈ ಮುಗಿದು ಸುಮ್ಮನಾಗಿದ್ದೇವೆ. ಆತ ಕನ್ನಡ ಸಾಲಿ ಮಾಸ್ತರನಾಗಿದ್ದ ಅನ್ನೋದು ಮರೆತೇಹೋಗಿದೆ.

1819ರಲ್ಲಿ ಶಿಗ್ಗಾವಿ ಬಳಿಯ ಶಿಶುವಿನಹಾಳದಾಗ ಮುಸಲ್ಮಾನರ ಮನೆಯಲ್ಲಿ ಹುಟ್ಟಿದವ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಲಿನ ಹಳ್ಳಿಗಳಲ್ಲಿ ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿದ. ಮುಂಬೈ ಸರಕಾರದ ಆಳಿಕೆಯ ಈ ಸೀಮೆಯಲ್ಲಿ ಕಚೇರಿ, ಸಾಲಿಗಳೊಳಗೆ ಮರಾಠಿಯದೇ ಮೇಲುಗೈ ಇದ್ದ ಕಾಲ ಅದು. ಶರೀಫಜ್ಜ ಹಾಡು ಕಟ್ಟಿದ್ದು ಸಂತಿ, ಹೊಲ, ಹಂತಿಯ ಮಾತಿನಾಗ. ಸೋರುವ ಮಾಳಿಗೆ, ತಂಬೂರಿ, ಕೋಳಿ, ಗಿರಣಿ ಎಲ್ಲವೂ ಆತನಿಗೆ ತತ್ವವೇ.

ಅದೇ ಶತಮಾನದಲ್ಲಿ ರಷ್ಯಾದ ಉತ್ತರದ ಕಾಡುಸೀಮೆಯಲ್ಲಿ ಇನ್ನೊಬ್ಬ ಮಾಸ್ತರನಿದ್ದ, ಇವಾನ್ ಕುರಾತೋವ್ (1839–1875). ಕೋಮಿ ಭಾಷೆಯ ಕಾವ್ಯಕ್ಕೆ ಬುನಾದಿ ಹಾಕಿದವ. ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆಯ ಕವಿತೆ. ಉಳಿದ ಹಸ್ತಪ್ರತಿ ಬೆಳಕಿಗೆ ಬಂದದ್ದು 1920ರ ದಶಕದಲ್ಲಿ. ಶರೀಫಜ್ಜನ ಪದಗಳು ಅಚ್ಚಿಗಾಗಿ ಕಾಯಲಿಲ್ಲ. ಭಜನಿ ಮೇಳದವರ ಕೊರಳೇ ಅವಕ್ಕೆ ಪುಸ್ತಕವಾಯಿತು.

ಗುರು ಕಳಸದ ಗೋವಿಂದಭಟ್ಟರು ಶರೀಫನ ಕೊರಳಿಗೆ ಜನಿವಾರ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ. 1889ರಲ್ಲಿ ಆತ ತೀರಿಕೊಂಡಾಗ ಎರಡೂ ಧರ್ಮದವರು ತಮ್ಮ ತಮ್ಮ ವಿಧಿ ನಡೆಸಿದರಂತೆ. ಇದನ್ನೇ ವೇದಿಕೆ ಮೇಲೆ ಭಾವೈಕ್ಯ ಎಂದು ಮೆರೆಸುತ್ತೇವೆ. ಹಿಗ್ಗೋಣ, ತಪ್ಪಿಲ್ಲ.

ಆದರೆ ಅದೇ ಕಾಲದ ಇನ್ನೊಂದು ಸಂಗತಿಯೂ ನೆನಪಿರಲಿ. 1856ರಲ್ಲಿ ಇದೇ ಧಾರವಾಡದ ಸರಕಾರಿ ಸಾಲಿಗೆ ಮಹಾರ ಜಾತಿಯ ಹುಡುಗನೊಬ್ಬ ಹೋದ. ಒಳಗೆ ಬಿಡಲಿಲ್ಲ. ಹುಡುಗ ಮುಂಬೈ ಸರಕಾರಕ್ಕೆ ಅರ್ಜಿ ಬರೆದ. ನ್ಯಾಯ ನಿನ್ನ ಕಡೆಗಿದೆ, ಆದರೆ ನಿನ್ನೊಬ್ಬನಿಗಾಗಿ ಊರಿನ ರೂಢಿ ಕೆಡಿಸಲಾರೆವು ಎಂಬರ್ಥದ ಉತ್ತರ ಬಂತು. 1858ರಲ್ಲಿ ಲಂಡನ್ನಿನ ದೊರೆಗಳು ಸರಕಾರಿ ಸಾಲಿ ಎಲ್ಲರಿಗೂ ತೆರೆದದ್ದು ಅಂದರು. ಅಂದದ್ದು ಕಾಗದದ ಮೇಲೆ.

ಒಬ್ಬನ ಕೊರಳಿಗೆ ಜನಿವಾರ ಬಿತ್ತು, ಇನ್ನೊಬ್ಬನ ಕೈಗೆ ಪಾಟಿ ಸಿಗಲಿಲ್ಲ. ಆ ಹುಡುಗನ ಎದೆಯೊಳಗೂ ಪದ ಇದ್ದಿರಬೇಕು. ಬರೆದುಕೊಳ್ಳುವವರು ಯಾರು? 'ಹೊಲೆ ಮಾದಿಗರ ಹಾಡು' ಎಂಬ ಹೆಸರು ಹೊತ್ತ ಪುಸ್ತಕ ಬರಲು 1975 ಆಗಬೇಕಾಯಿತು.

ಹಳ್ಳಿ ಸಾಲಿಯ ಮಾಸ್ತರರೆ, ಅಕ್ಕೋರೆ, ನಿಮಗೊಂದು ಮಾತು. ಕೇರಿಯ ಹುಡುಗ 'ಬರಾಕತ್ತೀನ್ರಿ' ಅಂದರೆ 'ಶುದ್ಧ ಮಾತಾಡು' ಎಂದು ಗದರಬ್ಯಾಡ್ರಿ. ನಾನೂ ಹಂಗ ಬೈಸಿಕೊಂಡು, ನಾಕು ವರ್ಷ ವರ್ಗದಾಗ ಬಾಯಿ ಬಿಡದೆ ಕುಂತವನೇ. ಶರೀಫಜ್ಜನೂ ಅದೇ ಭಾಷೆಯವ. ಹುಡುಗ ಅಂದದ್ದನ್ನು ಬರಕೊಳ್ರಿ.